ನಮ್ಮ ಆಮೆಯ ಚೊಚ್ಚಲ ಬಾಣಂತನ

ಮನೆಯಲ್ಲಿ ಸುಮ್ಮನೆ ಕೂರುವುದಕ್ಕೂ ಒಂದು ಕಾರಣ ಬೇಕಾಗುತ್ತದೆ ಎಂಬುದು ನಿವೃತ್ತನಾಗುವವರೆಗೆ ನನಗೆ ಗೊತ್ತಿರಲಿಲ್ಲ. ಪೇಪರು ಹಿಡಿದು ಕೂತರೆ ಯಾರೂ ಏನೂ ಅನ್ನುವುದಿಲ್ಲ. ಜಪಮಾಲೆ ಹಿಡಿದು ಕೂತರೆ ಮರ್ಯಾದೆಯೇ ಸಿಗುತ್ತದೆ. ಏನನ್ನೂ ಹಿಡಿಯದೆ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತ ಗಂಡಸನ್ನು ಕಂಡರೆ ಮಾತ್ರ ಮನೆಯವರಿಗೆ ಹಿಟ್ಟಿನ ಗಿರಣಿ ನೆನಪಾಗುತ್ತದೆ, ಗ್ಯಾಸಿನ ಸಿಲಿಂಡರ್ ನೆನಪಾಗುತ್ತದೆ, ಎಂದೋ ಕೆಟ್ಟು ಮೂಲೆ ಸೇರಿದ ಮಿಕ್ಸಿಯೂ ನೆನಪಾಗುತ್ತದೆ. ಅದೇ ಗಂಡಸು ಒಂದು ನೀರಿನ ಹೊಂಡದ ಮುಂದೆ ಕೂತಿದ್ದು, ಆ ಹೊಂಡದಲ್ಲಿ ಆಮೆಗಳಿದ್ದರೆ ಲೆಕ್ಕವೇ ಬೇರೆ. ಆಗ ಅವನು ಸುಮ್ಮನೆ ಕೂತಿಲ್ಲ, ಆಮೆ ನೋಡಿಕೊಳ್ಳುತ್ತಿದ್ದಾನೆ. ನಾನು ಆಮೆ ಸಾಕಿದ್ದು ಪ್ರಾಣಿದಯೆಯಿಂದ ಎಂದು ಓಣಿಯವರು ತಿಳಿದಿದ್ದಾರೆ. ಅವರ ತಿಳಿವಳಿಕೆಯನ್ನು ನಾನು ತಿದ್ದಲು ಹೋಗಿಲ್ಲ.

ನಾನು ಜಮೀನು ಅಳೆಯುವ ಸರ್ವೇಯರ್ ಆಗಿದ್ದವನು. ಭಾಲ್ಕಿ, ಔರಾದ, ಬೀದರ ತಾಲೂಕುಗಳ ಹೊಲಗಳ ಬದುಗಳ ಮೇಲೆ ಸರಪಳಿ ಎಳೆಸುತ್ತಲೇ ನನ್ನ ಸರ್ವೀಸು ಮುಗಿಯಿತು. ಬದುವಿನ ಜಗಳ ಕೋರ್ಟಿಗೆ ಹೋದಾಗಲೆಲ್ಲ ನನ್ನನ್ನು ಸಾಕ್ಷಿಗೆ ಕರೆಯುತ್ತಿದ್ದರು. ಅಲ್ಲಿ ವಕೀಲರು ಮೊದಲು ಕೇಳುವುದು ಒಂದೇ ಮಾತು: ಇದನ್ನು ನೀವು ಕಣ್ಣಾರೆ ಕಂಡಿರೋ, ಯಾರಾದರೂ ಹೇಳಿದ್ದೋ? ಆ ಪ್ರಶ್ನೆ ನನ್ನ ಮೈಯಲ್ಲಿ ಇಳಿದುಹೋಗಿದೆ. ಸಾರಿಗೆ ಉಪ್ಪು ಹೆಚ್ಚಾಗಿದೆಯೇ ಎಂದು ಹೆಂಡತಿ ಕೇಳಿದರೂ ಇನ್ನೊಂದು ಚಮಚ ರುಚಿ ನೋಡದೆ ನಾನು ಉತ್ತರ ಕೊಡುವುದಿಲ್ಲ. ಹೀಗಾಗಿ ಈ ಆಮೆಯ ಸಂಗತಿಯಲ್ಲೂ ಕಂಡದ್ದನ್ನು ಕಂಡೆ ಎಂದೂ ಕೇಳಿದ್ದನ್ನು ಕೇಳಿದೆ ಎಂದೂ ಬೇರೆ ಬೇರೆ ಹೇಳುತ್ತೇನೆ. ನಿಧಾನವಾಗಿಯೂ ಹೇಳುತ್ತೇನೆ.

ನನ್ನ ಹೆಂಡತಿ ಶಾಂತಾಳ ತಂಗಿ ಸುಮಿತ್ರಾ ಔರಾದಿನಲ್ಲಿದ್ದಾಳೆ. ಅವಳ ಗಂಡ ಶಿವರಾಜ ಹೈಸ್ಕೂಲು ಮಾಸ್ತರ. ಅವನು ಒಮ್ಮೆ ಹೈದರಾಬಾದಿಗೆ ಹೋದಾಗ ಗಾಜಿನ ಪೆಟ್ಟಿಗೆಯ ಸಮೇತ ಬಿಸ್ಕತ್ತಿನಷ್ಟು ದೊಡ್ಡ ಆಮೆಯೊಂದನ್ನು ಕೊಂಡು ತಂದ. ಇದು ಇಷ್ಟೇ ಇರುತ್ತದೆ, ಬೆಳೆಯುವುದಿಲ್ಲ ಎಂದು ಅಂಗಡಿಯವನು ಹೇಳಿದ್ದನಂತೆ. ಇದು ಕೇಳಿದ ಮಾತು. ನಾನು ಕಣ್ಣಾರೆ ಕಾಣುವ ಹೊತ್ತಿಗೆ ಅದು ಊಟದ ತಾಟಿನಷ್ಟಾಗಿತ್ತು. ಪೆಟ್ಟಿಗೆಯೊಳಗೆ ಒಮ್ಮೆ ತಿರುಗಬೇಕಾದರೆ, ಬೀದರಿನ ಗಾಂಧಿ ಗಂಜ್ ಪೇಟೆಯ ಗಲ್ಲಿಯಲ್ಲಿ ಸಿಕ್ಕಿಕೊಂಡ ಲಾರಿಯ ಹಾಗೆ ಹಿಂದೆ ಸರಿದು, ಮುಂದೆ ಬಂದು, ಮತ್ತೆ ಹಿಂದೆ ಸರಿಯುತ್ತಿತ್ತು. ನೋಡಲಾರದೆ, ನಮ್ಮ ಅಂಗಳದಲ್ಲಿ ಒಂದು ಹೊಂಡ ಮಾಡುತ್ತೇನೆ, ಕೊಡಿ ಎಂದೆ. ಕೊಡಿ ಎನ್ನುವ ಮೊದಲು ಅದು ಯಾವ ಜಾತಿ ಎಂದು ವಿಚಾರಿಸಿಕೊಂಡೆ. ನಮ್ಮ ಕೆರೆ ಹಳ್ಳಗಳ ಆಮೆಯನ್ನು ಮನೆಯಲ್ಲಿಟ್ಟುಕೊಂಡರೆ ಅಪರಾಧ. ಇದು ಕಣ್ಣಿನ ಹಿಂದೆ ಕೆಂಪು ಗೀಟಿರುವ ಪರದೇಶದ್ದು. ಸಾಕಬಹುದು, ಆದರೆ ಸಾಕಿ ಬೇಸರವಾಯಿತೆಂದು ಕೆರೆಗೆ ಬಿಡುವಂತಿಲ್ಲ, ಬಿಟ್ಟರೆ ಅಲ್ಲಿಯವುಗಳ ಅನ್ನ ಕಸಿಯುತ್ತದೆ. ಕಳಿಸಿಕೊಡುವ ದಿನ ಸುಮಿತ್ರಾ ಟಬ್ಬಿನ ಪಕ್ಕ ಒಂದು ತೆಂಗಿನಕಾಯಿ, ಒಂದು ಕುಬಸದ ಖಣ, ಐದು ಹಿಡಿ ಅಕ್ಕಿ ಇಟ್ಟು ಉಡಿ ತುಂಬಿದಳು. ನಮ್ಮ ಕಡೆ ಅಕ್ಕನ ಗಂಡನಿಗೆ ಮರಾಠಿಯ ದಾಜಿಯೇ ಬಳಕೆಯಲ್ಲಿದೆ. "ಛಂದ ನೋಡ್ಕೋರಿ ದಾಜಿ, ನಮ್ಮ ಮನಿ ಮಗಳದಾಳ" ಎಂದಳು. ನಾನು ನಕ್ಕೆ. ಅವಳು ನಗಲಿಲ್ಲ. ಅದನ್ನು ನಾನು ಆಗಲೇ ಗಮನಿಸಬೇಕಿತ್ತು.

ಹೊಂಡದ ಜಾಗವನ್ನು ಬಹಳ ಯೋಚಿಸಿ ಆರಿಸಿದೆ. ಬೆಳಗಿನ ಬಿಸಿಲು ಬೀಳಬೇಕು, ಏಕೆಂದರೆ ಈ ಪ್ರಾಣಿಗೆ ಮೈ ಕಾಯಿಸಿಕೊಳ್ಳದಿದ್ದರೆ ಅನ್ನ ಅರಗುವುದಿಲ್ಲ. ಮಧ್ಯಾಹ್ನ ನೆರಳು ಬೇಕು, ಏಕೆಂದರೆ ಬೀದರಿನ ಬೇಸಿಗೆಯಲ್ಲಿ ನೀರು ಕಾದರೆ ಅದೇ ಸಾರಾದೀತು. ಪಕ್ಕದ ಮನೆಯ ಕಾಶಿನಾಥರಾಯರ ಬೇವಿನ ಮರ ನಮ್ಮ ಕಂಪೌಂಡಿನೊಳಕ್ಕೆ ಚಾಚಿದ ಕಡೆ ಇವೆರಡೂ ಕೂಡಿ ಬಂದವು. ಅಗೆಯುವುದು ಕಷ್ಟವಾಗಲಿಲ್ಲ. ನಮ್ಮೂರಿನ ಕೆಂಪು ಕಲ್ಲು ನೆಲದೊಳಗಿರುವಾಗ ಬೆಲ್ಲದ ಅಚ್ಚಿನಂತೆ ಕಡಿಸಿಕೊಳ್ಳುತ್ತದೆ, ಗಾಳಿಗೆ ಬಂದ ಮೇಲೆ ಬಿಗಿಯುತ್ತದೆ. ಆದರೆ ಅದರ ಮೈತುಂಬ ತೂತು. ಸಂಜೆ ತುಂಬಿಸಿದ ನೀರು ಬೆಳಿಗ್ಗೆ ಇರಲಿಲ್ಲ. ಮತ್ತೆ ತುಂಬಿಸಿದೆ, ಮತ್ತೆ ಹೋಯಿತು. ಕಾಶಿನಾಥರಾಯರು ಗೋಡೆಯಾಚೆಯಿಂದ ಇಣುಕಿ, ರಾಜರ ಕಾಲದ ನೆಲದೊಳಗಿನ ಕಾಲುವೆ ನಮ್ಮ ಓಣಿಯ ಕೆಳಗೇ ಹಾದಿದೆ ಎಂದೂ, ನನ್ನ ನೀರೆಲ್ಲ ಸೀದಾ ಕೋಟೆಗೆ ಹೋಗುತ್ತಿದೆ ಎಂದೂ ಹೇಳಿದರು. ಅದನ್ನು ಅವರು ಕಂಡಿದ್ದರೇ ಎಂದು ಕೇಳಿದೆ. ಕಾಣಲು ಅದು ನೆಲದೊಳಗಿದೆಯಲ್ಲ ಎಂದರು. ಕಮಠಾಣದ ಕೆರೆಯ ಜಿಗಟು ಮಣ್ಣು ತಂದು ಬಳಿದದ್ದಾಯಿತು. ಗಂಜಿನಲ್ಲಿ ತೊಗರಿಯ ಲಾರಿಗೆ ಹೊದಿಸುವ ತಾಡಪತ್ರಿ ತಂದು ಹಾಸಿದ್ದಾಯಿತು. ಮಣ್ಣು ಕರಗಿ ಹೋಯಿತು, ತಾಡಪತ್ರಿಯನ್ನು ಆಮೆ ಉಗುರಿನಿಂದ ಗೀರಿ ನೋಡಿತು, ಗೀರಿದಲ್ಲಿ ಅದು ಹರಿಯಿತು.

ಕೊನೆಗೆ ಸಿಮೆಂಟೇ ಗತಿಯಾಯಿತು. ಹೊಸ ಸಿಮೆಂಟಿನ ಹೊಂಡಕ್ಕೆ ತಕ್ಷಣ ಆಮೆ ಬಿಡಬಾರದು. ಅದರ ಸುಣ್ಣ ನೀರಿಗೆ ಇಳಿದು ಕಣ್ಣು ಉರಿಯುತ್ತದೆ. ನೀರು ತುಂಬಿಸಿ, ಕೆಲವು ದಿನ ಬಿಟ್ಟು ಚೆಲ್ಲಿ, ಮತ್ತೆ ತುಂಬಿಸಿ, ಮತ್ತೆ ಚೆಲ್ಲಿ, ನೀರು ನೀರಿನಂತಾಗುವವರೆಗೆ ಕಾದೆ. ಒಂದು ಬದಿಗೆ ಇಳಿಜಾರಾಗಿ ಫರ್ಸಿ ಕಲ್ಲು ಕೂರಿಸಿದೆ, ಹತ್ತಿ ಬಂದು ಬಿಸಿಲಿಗೆ ಮಲಗಲು. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಮಳೆ ಬಂದಾಗ ಅಂಗಳದ ಕೆಂಪು ಮಣ್ಣು ಹೊಂಡಕ್ಕೆ ಇಳಿದು ನೀರು ಕೆಡುತ್ತದೆ ಎಂದು, ಹೊಂಡದ ಸುತ್ತ ಕಂಪೌಂಡ್ ಗೋಡೆಯವರೆಗೂ ಫರ್ಸಿ ಹಾಸಿಸಿದೆ. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಮಟ್ಟ ನೋಡಿದೆ, ಸಂದುಗಳನ್ನೆಲ್ಲ ಸಿಮೆಂಟಿನಿಂದ ಮುಚ್ಚಿಸಿದೆ. ಸರ್ವೀಸಿನಲ್ಲಿ ಊರವರ ನೆಲವನ್ನೆಲ್ಲ ಅಳೆದವನು ನನ್ನದೇ ನೆಲವನ್ನು ಅಷ್ಟು ನಿಖರವಾಗಿ ಮಾಡಿಸಿದ್ದು ಅದೇ ಮೊದಲು. ಫರ್ಸಿ ಹಾಸಿದ ಗೌಂಡಿ ಕೈ ತೊಳೆದುಕೊಳ್ಳುತ್ತಾ, ಇಲ್ಲಿ ಒಂದು ಬೀಜ ಬಿದ್ದರೂ ಮೊಳಕೆ ಒಡೆಯುವುದಿಲ್ಲ ಎಂದ. ಅದನ್ನು ನಾನು ಹೊಗಳಿಕೆ ಎಂದು ತಿಳಿದು ಅವನಿಗೆ ಇನ್ನೊಂದು ಕಪ್ಪು ಚಹ ಕೊಡಿಸಿದೆ.

ಹೊಂಡದ ಸುದ್ದಿ ಹರಡಿ, ಭಾಲ್ಕಿಯಲ್ಲಿರುವ ನನ್ನ ಹಳೆಯ ಸಹೋದ್ಯೋಗಿಯೊಬ್ಬರು ತಮ್ಮ ಮನೆಯ ಸಣ್ಣ ಆಮೆಯನ್ನೂ ತಂದು ಬಿಟ್ಟು ಹೋದರು. ಅದೂ ಕೆಂಪು ಗೀಟಿನದೇ, ಅಂಗೈಯಷ್ಟಿತ್ತು. ಮನೆಯವಳು ಒಂದಕ್ಕೆ ದೊಡ್ಡಾಕಿ, ಇನ್ನೊಂದಕ್ಕೆ ಸಣ್ಣಾಕಿ ಎಂದು ಕರೆದಳು. ಆಮೆಗಳು ಹೆಣ್ಣೇ ಎಂದು ಹೇಗೆ ಗೊತ್ತು ಎಂದು ಕೇಳಿದ್ದಕ್ಕೆ, ಇಷ್ಟು ಸಾವಕಾಶ ವಿಚಾರ ಮಾಡಿ ಹೆಜ್ಜೆ ಇಡುವುದು ಗಂಡಸಲ್ಲ ಎಂದಳು. ಅಲ್ಲಿಂದ ನನ್ನ ದಿನಚರಿ ನಿಗದಿಯಾಯಿತು. ನೀರು ಹಸಿರಾಗುವ ಮೊದಲು ಅರ್ಧ ತೆಗೆದು ಶಾಂತಾಳ ಗುಲಾಬಿ ಕುಂಡಗಳಿಗೆ ಹಾಕಬೇಕು. ಆ ನೀರಿಗೆ ಗುಲಾಬಿಗಳು ನಮ್ಮನ್ನು ನಾಚಿಸುವಷ್ಟು ಹೂ ಬಿಡುತ್ತವೆ. ಅಂಗಡಿಯಲ್ಲಿ ಸಿಗುವ ಆಮೆಯ ಕಾಳು ತಿಂಡಿ ಅಳತೆಯಲ್ಲಿ ಹಾಕಬೇಕು, ಸೊಪ್ಪು ಧಾರಾಳವಾಗಿ ಹಾಕಬಹುದು. ಬಂದ ನೆಂಟರು ರೊಟ್ಟಿಯ ತುಣುಕು ಎಸೆಯದಂತೆ ನೋಡಿಕೊಳ್ಳಬೇಕು. ಈ ಪ್ರಾಣಿ ಯಾರನ್ನು ಕಂಡರೂ ಹುಟ್ಟಿದಾಗಿನಿಂದ ಉಪವಾಸವಿದ್ದಂತೆ ಕತ್ತು ಚಾಚುವುದರಿಂದ ಅದು ಬಲು ಕಷ್ಟ. ಉಳಿದ ಹೊತ್ತೆಲ್ಲ ನೋಡುವುದು. ಆ ಇಳಿಜಾರಿನ ಬಂಡೆ ಹತ್ತುವಾಗ ಯಾವ ಕಾಲು ಮೊದಲು ಇಡುತ್ತದೆ, ಬಿಸಿಲಿಗೆ ಹಿಂಗಾಲುಗಳನ್ನು ಯಾಕೆ ಗಾಳಿಯಲ್ಲಿ ಚಾಚಿ ಇಟ್ಟುಕೊಳ್ಳುತ್ತದೆ, ಸಣ್ಣಾಕಿ ದೊಡ್ಡಾಕಿಯ ಮುಖದೆದುರು ಬಂದು ಮುಂಗಾಲಿನ ಉಗುರುಗಳನ್ನು ಯಾಕೆ ಗಡಗಡ ನಡುಗಿಸುತ್ತದೆ. ಉತ್ತರ ಗೊತ್ತಾಗಬೇಕೆಂಬ ಹಟವೂ ನನಗಿರಲಿಲ್ಲ. ಒಂದು ಸಂಜೆ ಶಾಂತಾ ಹಿಂದಿನಿಂದ ಬಂದು ನಿಂತು, "ನನ್ನ ಮಾರಿ ಇಷ್ಟೊತ್ತು ಎಂದರ ನೋಡೀರೇನ್ರಿ?" ಎಂದು ಕೇಳಿದಳು. ನಾನು ನೆನಪಿಸಿಕೊಳ್ಳಲು ಸ್ವಲ್ಪ ಸಮಯ ತೆಗೆದುಕೊಂಡೆ. ಆ ಸಮಯವೇ ಅವಳಿಗೆ ಉತ್ತರವಾಯಿತು.

ತೊಂದರೆ ಶುರುವಾದದ್ದು ಈ ಬೇಸಿಗೆಯ ಕೊನೆಗೆ, ಒಂದೆರಡು ಅಡ್ಡ ಮಳೆ ಬಿದ್ದ ಮೇಲೆ. ದೊಡ್ಡಾಕಿ ನೀರು ಬಿಟ್ಟು ಹೊರಗೆ ಬರತೊಡಗಿದಳು. ಬಂಡೆಯ ಮೇಲೆ ಮಲಗುವುದಕ್ಕಲ್ಲ, ನಡೆಯುವುದಕ್ಕೆ. ಫರ್ಸಿಯ ಮೇಲೆ ಗೋಡೆಗುಂಟ ನಡೆದು, ಒಂದು ಕಡೆ ನಿಂತು, ಹಿಂಗಾಲುಗಳಿಂದ ಕಲ್ಲನ್ನು ಗೀರುತ್ತಿದ್ದಳು. ಮೊದಲು ಎಡಗಾಲು, ಆಮೇಲೆ ಬಲಗಾಲು, ಮತ್ತೆ ಎಡಗಾಲು. ಕಲ್ಲಿಗೆ ಏನೂ ಆಗುತ್ತಿರಲಿಲ್ಲ. ಅಲ್ಲಿಂದ ಮುಂದೆ ಹೋಗಿ ಇನ್ನೊಂದು ಕಲ್ಲು. ಕೊನೆಗೆ ಗೇಟಿನ ಬಳಿ ಹೋಗಿ ಅದರ ಕೆಳಗಿನ ಸಂದಿಗೆ ಮೂಗು ಹಚ್ಚಿ ನಿಲ್ಲುವಳು. ನೀರಿನ ಪ್ರಾಣಿ ಬಿಸಿ ಕಲ್ಲಿನ ಮೇಲೆ ಒಣಗುತ್ತಿದೆ ಎಂದು ನಾನು ತಿಳಿದೆ. ಎರಡೂ ಕೈಯಲ್ಲಿ ಎತ್ತಿ ಮೆಲ್ಲಗೆ ತಂದು ನೀರಿಗೆ ಬಿಡುತ್ತಿದ್ದೆ. ಅವಳು ಒಂದು ಸುತ್ತು ಹಾಕಿ, ನಾನು ಕುರ್ಚಿಯಲ್ಲಿ ಕೂರುವಷ್ಟರಲ್ಲಿ ಮತ್ತೆ ಬಂಡೆ ಹತ್ತುತ್ತಿದ್ದಳು. ನಾನು ಮತ್ತೆ ಎತ್ತುತ್ತಿದ್ದೆ. ಹೀಗೆ ಯಾರು ಮೊದಲು ದಣಿಯುತ್ತಾರೆ ಎಂದು ನೋಡುವಂತಾಯಿತು. ಆಮೇಲೆ ಅವಳು ತಿನ್ನುವುದನ್ನು ಬಿಟ್ಟಳು. ಕಾಳು ಮೂಗಿನ ಮುಂದೆ ತೇಲಿಹೋದರೂ ಕತ್ತು ಚಾಚಲಿಲ್ಲ. ಆಗ ನನಗೆ ಹೆದರಿಕೆಯಾಯಿತು.

ಗೇಟು ಯಾವ ದಿಕ್ಕಿಗಿದೆ ಎಂಬ ಮಾತು ಎಲ್ಲರಿಗೂ ಮುಖ್ಯವಾಯಿತು. ನಿಮ್ಮ ನೀರಿನ ಹೌಜು ವಾಸ್ತುವಿನ ಮೂಲೆ ತಪ್ಪಿದೆ, ಮುಚ್ಚಿಸಿ ಆ ಕಡೆ ತೋಡಿಸಿರಿ ಎಂದು ಕಾಶಿನಾಥರಾಯರು ಹೇಳಿದರು. ಶಾಂತಾಳದು ಬೇರೆಯೇ ವಾದ. ದೊಡ್ಡಾಕಿಗೆ ತವರು ನೆನಪಾಗಿದೆ, ಅದಕ್ಕೇ ಔರಾದಿನ ಕಡೆ ಮುಖ ಮಾಡಿ ನಿಲ್ಲುತ್ತಾಳೆ ಎಂದಳು. ನಮ್ಮ ಗೇಟು ಪಶ್ಚಿಮಕ್ಕಿದೆ, ಆ ಕಡೆ ನೇರ ಹೋದರೆ ಸಿಗುವುದು ಭಾಲ್ಕಿಯ ದಾರಿ, ಔರಾದು ಬೇವಿನ ಮರದ ಹಿಂದಕ್ಕಿದೆ ಎಂದು ನಾನು ತೋರಿಸಿಕೊಟ್ಟೆ. ದಿಕ್ಸೂಚಿಯನ್ನೂ ತಂದು ತೋರಿಸಿದೆ. ಅವಳು ದಿಕ್ಸೂಚಿಯನ್ನು ನೋಡಲಿಲ್ಲ. "ಔರಾದಕ್ಕ ಹೋಗ್ಬೇಕಂದ್ರ ಮೊದಲ ಬಸ್‌ಸ್ಟ್ಯಾಂಡಿಗೆ ಹೋಗ್ಬೇಕಲ್ರಿ. ಬಸ್‌ಸ್ಟ್ಯಾಂಡ್ ಆ ಕಡಿನೇ ಅದ" ಎಂದಳು. ನಾನು ದಿಕ್ಸೂಚಿಯನ್ನು ತಿರುಗಿ ಒಳಗಿಟ್ಟೆ.

ಪಶುವೈದ್ಯರ ಬಳಿ ಹೋದೆವು. ಚಿಕ್ಕ ವಯಸ್ಸಿನ ಡಾಕ್ಟರಮ್ಮ. ನಮ್ಮ ಮುಂದೆ ಒಂದು ಎಮ್ಮೆ ಮತ್ತು ಎರಡು ಆಡುಗಳ ಸರದಿಯಿತ್ತು. ಅವುಗಳ ಜೊತೆ ಬಂದವರು ನಮ್ಮ ಟಬ್ಬನ್ನು ಇಣುಕಿ ನೋಡಿ, ಇದು ಹಾಲು ಕೊಡುತ್ತದೆಯೇ ಎಂದು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಡಾಕ್ಟರಮ್ಮ ದೊಡ್ಡಾಕಿಯ ಎಕ್ಸ್‌ರೇ ತೆಗೆದು ಬೆಳಕಿಗೆ ಹಿಡಿದರು. ನಾನು ಕಂಡೆ: ಚಿಪ್ಪಿನ ನೆರಳಿನೊಳಗೆ ಬೋರೆಹಣ್ಣಿನ ಆಕಾರದ ಬಿಳಿ ಬಿಳಿ ಗುರುತುಗಳು, ಒತ್ತೊತ್ತಾಗಿ. ಮೊಟ್ಟೆ ಎಂದರು. ದಿನ ತುಂಬಿವೆ, ಮಣ್ಣು ಹುಡುಕುತ್ತಿದ್ದಾಳೆ, ಅಗೆದು ಒಳಗಿಟ್ಟು ಮುಚ್ಚಬೇಕು ಅವಳಿಗೆ, ನಿಮ್ಮ ಮನೆಯಲ್ಲಿ ಮಣ್ಣಿನ ಜಾಗ ಎಲ್ಲಿದೆ ಎಂದು ಕೇಳಿದರು. ನಾನು ಹೊಂಡದ ಸುತ್ತಲಿನ ಫರ್ಸಿಯ ವರ್ಣನೆ ಮಾಡಿದೆ. ಮಟ್ಟ ನೋಡಿದ್ದು, ಸಂದು ಮುಚ್ಚಿಸಿದ್ದು, ಎಲ್ಲ ಹೇಳಿದೆ. ಅವರು ಎಕ್ಸ್‌ರೇ ಕೆಳಗಿಟ್ಟರು.

"ಅಂದ್ರ ಮಣ್ಣೇ ಇಲ್ಲ" ಎಂದರು. "ಅಕಿ ಹೊರಗ ಬಂದಾಗೆಲ್ಲ ನೀವೇನು ಮಾಡ್ತಿದ್ರಿ?"

"ಎತ್ತಿ ನೀರಿಗೆ ಬಿಡ್ತಿದ್ನಿರಿ."

ಅವರು ದೊಡ್ಡಾಕಿಯನ್ನು ಟಬ್ಬಿಗೆ ಇಳಿಸಿದರು. ಆಮೇಲೆ, ಜಾಗ ಸಿಗದಿದ್ದರೆ ಈ ಪ್ರಾಣಿ ಮೊಟ್ಟೆಗಳನ್ನು ಒಳಗೇ ತಡೆದಿಟ್ಟುಕೊಳ್ಳುತ್ತದೆ, ಒಳಗೇ ಉಳಿದರೆ ಜೀವಕ್ಕೆ ಅಪಾಯ ಎಂದು ವಿವರಿಸಿದರು. ಮೊಣಕೈ ಇಳಿಯುವಷ್ಟು ಆಳಕ್ಕೆ ಮೆತ್ತನೆಯ, ಒದ್ದೆ ಮಣ್ಣು ಬೇಕು. ಎರಡು ಮೂರು ದಿನ ನೋಡಿ, ಆಗದಿದ್ದರೆ ತಿರುಗಿ ತರಬೇಕು, ಇಂಜೆಕ್ಷನ್ ಕೊಡಬೇಕಾಗುತ್ತದೆ, ಅದರ ಮೇಲೂ ಆಗದಿದ್ದರೆ ಕೊಯ್ಯಬೇಕಾಗುತ್ತದೆ. ಕೊನೆಗೆ ಒಂದು ಮಾತು ಹೇಳಿದರು: ಯಾರೂ ನೋಡಬಾರದು, ನೋಡುವವರಿದ್ದರೆ ಅವಳು ಬಿಟ್ಟು ಎದ್ದು ಹೋಗುತ್ತಾಳೆ. ಹಾಗೆ ಹೇಳುವಾಗ ಅವರು ಶಾಂತಾಳನ್ನು ನೋಡುತ್ತಿದ್ದರೋ ನನ್ನನ್ನೋ, ನಾನು ಟಬ್ಬನ್ನು ನೋಡುತ್ತಿದ್ದುದರಿಂದ ಹೇಳಲಾರೆ. ಹೊರಡುವಾಗ ಮೊಬೈಲಿನಲ್ಲಿದ್ದ ಸಣ್ಣಾಕಿಯ ಫೋಟೋ ತೋರಿಸಿದೆವು. ಮುಂಗಾಲಿನ ಉಗುರು ಇಷ್ಟುದ್ದ ಇದ್ದರೆ ಅದು ಗಂಡು ಎಂದರು. ಶಾಂತಾ ಮನೆ ಮುಟ್ಟಿ, ಹೊಂಡದ ಕಡೆ ನೋಡಿ, ತಲೆಯ ಮೇಲೆ ಸೆರಗು ಸರಿಮಾಡಿಕೊಂಡಳು. ಅವಳ ಲೆಕ್ಕದಲ್ಲಿ ಅಲ್ಲಿ ಸಣ್ಣಾಕಿಯಲ್ಲ, ಭಾಲ್ಕಿಯ ಅಳಿಯ ಕೂತಿದ್ದ.

ಒಂದು ಫರ್ಸಿ ಎಬ್ಬಿಸಿ ಮಣ್ಣು ತುಂಬಿಸುತ್ತೇನೆ ಎಂದು ನಾನು ಹಾರೆ ತಂದೆ. ಆ ಹೊತ್ತಿಗೆ ಅಕ್ಕ ತಂಗಿಯರ ನಡುವೆ ಫೋನಿನಲ್ಲಿ ತೀರ್ಮಾನವಾಗಿಹೋಗಿತ್ತು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ನಮ್ಮಲ್ಲಿ ಯಾವ ಮನೆಯಲ್ಲೂ ಇದಕ್ಕೆ ಅಪವಾದವಿಲ್ಲ. ಹುಡುಗಿ ಅತ್ತೆಮನೆಯಲ್ಲಿ ಎಷ್ಟೇ ಸುಖವಾಗಿರಲಿ, ಮೊದಲ ಬಾಣಂತನಕ್ಕೆ ತವರಿನವರು ಬಂದು ಕರೆದುಕೊಂಡು ಹೋಗದಿದ್ದರೆ ಎರಡೂ ಮನೆಗೆ ಅವಮಾನ. ಇದು ಆಮೆ ಎಂದು ನಾನು ನೆನಪಿಸಿದೆ. ಸ್ಪೀಕರಿನಲ್ಲಿದ್ದ ಸುಮಿತ್ರಾ, "ನಿಮ್ಮ ಮನಿಯಾಗ ಅಕಿಗಿ ಒಂದ್ ಬುಟ್ಟಿ ಮಣ್ಣ ಸಿಗ್ಲಿಲ್ಲ ದಾಜಿ. ನಮ್ಮಲ್ಲಿ ಹಿತ್ತಲ ತುಂಬ ಮಣ್ಣದ" ಎಂದಳು. ನಾನು ಡಾಕ್ಟರಮ್ಮನಿಗೆ ಫೋನು ಮಾಡಿ, ಔರಾದಿಗೆ ಕರೆದೊಯ್ಯಬಹುದೇ ಎಂದು ಕೇಳಿದೆ. ಔರಾದಿಗೆ ಯಾಕೆ ಎಂದು ಅವರು ಕೇಳಿದರು. ತವರು ಎಂದೆ. ಮಣ್ಣು ತಯಾರಿದ್ದರೆ ಹೋಗಿರಿ, ತಡ ಮಾಡಬೇಡಿ, ಕುಲುಕಬೇಡಿ ಎಂದರು.

ಬಸ್ಸಿನಲ್ಲಿ ನಾನು ಟಬ್ಬನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಅವಳ ಮೇಲೆ ಒದ್ದೆ ಗೋಣಿಚೀಲ ಹೊದಿಸಿದ್ದೆವು. ಕಂಡಕ್ಟರ್ ಬಂದು, "ಕಾಕಾ, ಲಗೇಜ್ ಏನದ?" ಎಂದು ಚೀಲ ಎತ್ತಿದ. ದೊಡ್ಡಾಕಿ ಕತ್ತು ಚಾಚಿ ಅವನನ್ನು ನೋಡಿದಳು. ಅವನು ಚೀಲವನ್ನು ಮೊದಲಿಗಿಂತ ಚೆನ್ನಾಗಿ ಹೊದಿಸಿದ. ಪಕ್ಕದ ಸೀಟಿನಲ್ಲಿ ಸಂತಪೂರಕ್ಕೆ ಹೊರಟ ಅಜ್ಜಿಯೊಬ್ಬಳಿದ್ದಳು. ಎಲ್ಲಿಗೆ ಒಯ್ಯುತ್ತಿದ್ದೀರಿ ಎಂದು ಅವಳು ಕೇಳಿದಾಗ ಶಾಂತಾ ಮುಚ್ಚುಮರೆಯಿಲ್ಲದೆ, "ಬಾಣಂತನಕ್ಕ, ತವರಮನಿಗಿ" ಎಂದಳು. ನಾನು ಕಿಟಕಿಯ ಕಡೆ ತಿರುಗಿಕೊಂಡೆ, ಬಸ್ಸು ನಗುವುದನ್ನು ಕಾಯುತ್ತಾ. ಯಾರೂ ನಗಲಿಲ್ಲ. ಎಷ್ಟನೆಯದು ಎಂದು ಅಜ್ಜಿ ಕೇಳಿದಳು. ಚೊಚ್ಚಲು ಎಂದಳು ಶಾಂತಾ. ಹಾಗಾದರೆ ಹಿಂದಿನ ಸೀಟಿನಲ್ಲಿ ಕೂತದ್ದು ತಪ್ಪು, ಚಕ್ರದ ಮೇಲೆ ಕುಲುಕು ಹೆಚ್ಚು ಎಂದು ಅಜ್ಜಿ ತೀರ್ಪು ಕೊಟ್ಟಳು. ಮುಂದಿನ ಸೀಟಿನಲ್ಲಿದ್ದ ಇಬ್ಬರು ಎದ್ದು ನಮ್ಮನ್ನು ಅಲ್ಲಿಗೆ ಕಳಿಸಿದರು. ಇಷ್ಟು ವರ್ಷ ಈ ದಾರಿಯಲ್ಲಿ ಸರಪಳಿ, ನಕಾಶೆ ಹೊತ್ತು ನಿಂತೇ ಓಡಾಡಿದ್ದೇನೆ. ಒಮ್ಮೆಯೂ ಯಾರೂ ಸೀಟು ಬಿಟ್ಟುಕೊಟ್ಟಿರಲಿಲ್ಲ. ಮುಂದೆ ರಸ್ತೆಯ ಉಬ್ಬು ಬಂದಾಗ ಅಜ್ಜಿ ಹಿಂದಿನಿಂದಲೇ ಕೂಗಿ ಹೇಳಿದಳು: "ಸಾವಕಾಶ ಹೋಗಪ್ಪ, ಬಸುರಿ ಹೆಣ್ಮಗಳದಾಳ ಒಳಗ." ಡ್ರೈವರ್ ಕನ್ನಡಿಯಲ್ಲಿ ನಮ್ಮನ್ನು ಒಮ್ಮೆ ನೋಡಿದ. ಶಾಂತಾಳನ್ನು ನೋಡಿದ, ನನ್ನನ್ನು ನೋಡಿದ, ಏನು ತಿಳಿದುಕೊಂಡನೋ, ಔರಾದು ಮುಟ್ಟುವವರೆಗೂ ಗಾಜಿನ ಸಾಮಾನು ಹೇರಿದವನಂತೆ ಗಾಡಿ ಹೊಡೆದ.

ಸುಮಿತ್ರಾ ಬಾಗಿಲಲ್ಲೇ ನೀರು ನಿವಾಳಿಸಿದಳು. ನಾನು ಒಳಗೆ ಹೋಗಿ ಹಿತ್ತಲು ನೋಡಿದೆ. ಮಗಳು ಬರುತ್ತಾಳೆಂದು ಮಣ್ಣಿನ ಹಿತ್ತಲನ್ನೆಲ್ಲ ಬಡಿದು ಗಟ್ಟಿ ಮಾಡಿ, ಸೆಗಣಿ ಹಾಕಿ ಕನ್ನಡಿಯಂತೆ ಸಾರಿಸಿ, ರಂಗೋಲಿ ಬಿಟ್ಟಿದ್ದಳು. ಅದರ ಸುತ್ತ ಓಣಿಯ ಹೆಂಗಸರು ಕೂತಿದ್ದರು. ಕುಬಸದ ಕಾರ್ಯ, ಅಂದರೆ ಸೀಮಂತ, ಮಾಡದೆ ಹೆರಿಗೆ ಹೇಗಾಗುತ್ತದೆ ಎಂದು ಕರೆದಿದ್ದಳಂತೆ. ಚಿಪ್ಪಿನ ಮೇಲೆ ಕುಂಕುಮ ಹಚ್ಚುವುದನ್ನು ನಾನು ತಡೆದೆ. ಟಬ್ಬಿಗೆ ಹಚ್ಚಿದರು. ಹಸಿರು ಬಳೆಯನ್ನು ಯಾವ ಕಾಲಿಗೆ ತೊಡಿಸುವುದೆಂದು ಚರ್ಚೆಯಾಗಿ, ಅದನ್ನೂ ಟಬ್ಬಿನ ಹಿಡಿಕೆಗೆ ಹಾಕಿದರು. ದೊಡ್ಡಾಕಿ ಅಷ್ಟು ಜನರ ನಡುವೆ ತಲೆ, ಕಾಲು, ಬಾಲ ಎಲ್ಲ ಒಳಗೆಳೆದುಕೊಂಡು ಕಲ್ಲಾಗಿ ಕೂತಳು. ಶಿವರಾಜ ಗುದ್ದಲಿ ತಂದು, ರಂಗೋಲಿಯನ್ನು ದಾಟಿ, ಕರಿಬೇವಿನ ಗಿಡದ ಬದಿಯ ನೆಲವನ್ನು ಅಗೆದು, ಪುಡಿ ಮಾಡಿ ನೀರು ಚಿಮುಕಿಸಿದ. ಹೆಂಡತಿ ಸಾರಿಸಿದ ನೆಲವನ್ನು ಅವಳ ಕಣ್ಣೆದುರೇ ಅಗೆದ ಗಂಡಸನ್ನು ನಾನು ಕಂಡದ್ದು ಅದೊಂದೇ ಸಲ.

ಆ ದಿನ ಏನೂ ಆಗಲಿಲ್ಲ. ಮರುದಿನ ಹೆಂಗಸರನ್ನೆಲ್ಲ ಅಡುಗೆಮನೆಗೆ ಕಳಿಸಿದ ಮೇಲೆ ಅವಳು ಕಾಲು ಹೊರಗೆ ತೆಗೆದಳು. ಮಣ್ಣಿನ ಮೇಲೆ ನಡೆದಳು, ಮೂಗು ಹಚ್ಚಿ ನೋಡಿದಳು, ಹಿಂಗಾಲಿನಿಂದ ಗೀರಿದಳು. ಈ ಸಲ ನೆಲ ಒಪ್ಪಿಕೊಂಡಿತು, ಒಂದು ಹಿಡಿ ಮಣ್ಣು ಹಿಂದಕ್ಕೆ ಬಂತು. ಅಲ್ಲಿಗೆ ನಿಲ್ಲಿಸಿಬಿಟ್ಟಳು. ನಾನು ಒಣಹಾಕಿದ ಚಾದರದ ಹಿಂದೆ ಕುರ್ಚಿ ಹಾಕಿಕೊಂಡಿದ್ದೆ. ಅವಳಿಗೆ ಕಾಣುವಂತಿರಲಿಲ್ಲ ಎಂಬುದು ನನ್ನ ಅಂದಾಜು. ಆದರೆ ನಾನು ಕತ್ತು ವಾಲಿಸಿದಾಗಲೆಲ್ಲ ಅವಳೂ ಕತ್ತು ಎತ್ತುತ್ತಿದ್ದಳು. ನಾನು ಹಿಂದೆ ಸರಿದರೆ ಒಂದು ಹಿಡಿ ಮಣ್ಣು, ಬಾಗಿದರೆ ಕೆಲಸ ಬಂದ್. ಸಂಜೆಯ ಹೊತ್ತಿಗೆ ಅವಳು ಅರ್ಧ ತೋಡಿದ ಗುಂಡಿಯನ್ನು ಬಿಟ್ಟು ಗೋಡೆಯ ಮೂಲೆಗೆ ಹೋಗಿ ಕೂತಳು. ಬಾಯಿ ಸ್ವಲ್ಪ ತೆರೆದಿತ್ತು. ಡಾಕ್ಟರಮ್ಮ ಹೇಳಿದ ಗಡುವು ನಾಳೆಗೆ ಮುಗಿಯುತ್ತಿತ್ತು. ಕೊಯ್ಯಬೇಕಾಗುತ್ತದೆ ಎಂಬ ಮಾತು ನನ್ನ ಕಿವಿಯಲ್ಲಿತ್ತು.

ಮೂರನೆಯ ದಿನ ಬೆಳಿಗ್ಗೆ ನಾನು ಮತ್ತೆ ಕುರ್ಚಿ ಎತ್ತಿದಾಗ ಸುಮಿತ್ರಾ ಅಡ್ಡ ನಿಂತಳು. ಗಂಡಸರು ಇರುವ ಜಾಗವಲ್ಲ, ಹೊರಗೆ ಹೋಗಿ ಎಂದಳು. ಯಾರಾದರೂ ಒಬ್ಬರು ನೋಡುತ್ತಿರಬೇಕಲ್ಲ, ಇಲ್ಲದಿದ್ದರೆ ಆಯಿತೋ ಇಲ್ಲವೋ ತಿಳಿಯುವುದು ಹೇಗೆ ಎಂದು ನಾನು ವಾದಿಸಿದೆ. ಆಗ ಶಾಂತಾ ಅಡುಗೆಮನೆಯಿಂದ ಬಂದಳು.

"ನಮ್ಮ ಶಶಿ ಹುಟ್ಟೂ ಮುಂದ ದವಾಖಾನಿ ಕಿಟಕ್ಯಾಗಿಂದ ಇಣಿಕಿ ನೋಡಿದ್ರಿ. ನರ್ಸಬಾಯಿ ಪಡದಾ ಎಳದ್ರ ಪಡದಾ ಸರಿಸಿ ನೋಡಿದ್ರಿ. ನನಗ ಆವಾಗ ಬ್ಯಾನಿಕಿಂತ ನಿಮ್ಮ ಕಣ್ಣ ಭಾಳ ತ್ರಾಸ ಕೊಟ್ಟಾವ" ಎಂದಳು. ನನ್ನ ಕುರ್ಚಿ ಹಿಡಿದು, "ಹೋಗ್ರಿ. ನಿಮ್ಮ ಕಾಲ ಬೀಳ್ತೇನಿ" ಎಂದಳು.

ಮೂವತ್ತು ವರ್ಷ ಇದನ್ನು ಅವಳು ನನಗೆ ಹೇಳಿರಲಿಲ್ಲ. ಕಾಳಜಿಯಿಂದ ನೋಡಿದ್ದೆ ಎಂದು ನಾನು ತಿಳಿದಿದ್ದೆ. ನೋಡಿಸಿಕೊಳ್ಳುವವರಿಗೆ ಅದು ಹೇಗಿರುತ್ತದೆ ಎಂದು ಕೇಳುವುದು ನನಗೆ ಹೊಳೆದಿರಲಿಲ್ಲ. ಕುರ್ಚಿ ಅಲ್ಲೇ ಬಿಟ್ಟು ಹೊರಗೆ ಬಂದು, ಬೀದಿಯ ಕಟ್ಟೆಯ ಮೇಲೆ ಮನೆಗೆ ಬೆನ್ನು ಮಾಡಿ ಕೂತೆ. ಶಿವರಾಜ ಪಕ್ಕದಲ್ಲಿ ಕೂತ. ಎದುರಿನ ಮನೆಯವರು ಹಪ್ಪಳ ಒಣಹಾಕುತ್ತಿದ್ದರು. ಕುರಿಯ ಹಿಂಡೊಂದು ಬೀದಿಯಲ್ಲಿ ಹಾದುಹೋಯಿತು, ಧೂಳು ಏಳಿಸಿತು, ಧೂಳು ಇಳಿಯಿತು. ಒಳಗೆ ಓಣಿಯ ಅಷ್ಟೂ ಹೆಂಗಸರು ಸೇರಿದ್ದರು, ಒಂದು ಸದ್ದೂ ಇರಲಿಲ್ಲ. ಅಂಥ ನಿಶ್ಶಬ್ದವನ್ನು ನಾನು ಯಾವ ಹೊಲದ ನಡುವೆಯೂ ಕೇಳಿಲ್ಲ. ತಿರುಗಿ ನೋಡಲು ಕತ್ತು ತಾನಾಗಿಯೇ ಹೊರಳುತ್ತಿತ್ತು. ಶಿವರಾಜ ಪ್ರತಿಸಲವೂ ನನ್ನ ಹೆಗಲ ಮೇಲೆ ಕೈ ಇಟ್ಟು ಹಪ್ಪಳದ ಕಡೆ ತಿರುಗಿಸುತ್ತಿದ್ದ. ಹಪ್ಪಳಗಳು ಒಣಗಿ ಅಂಚು ಮೇಲೇಳುವವರೆಗೂ ಕೂತಿದ್ದೆವು. ಆಮೇಲೆ ಒಳಗಿನಿಂದ ಒಮ್ಮೆಗೇ ಬಳೆಗಳ ಸದ್ದು ಬಂತು, ಅದರ ಹಿಂದೆ ನಗು.

ಶಾಂತಾ ಬಾಗಿಲಿಗೆ ಬಂದು, "ಆಯ್ತ್ರಿ" ಎಂದಳು. ನಾನು ಕಟ್ಟೆಯಿಂದ ಎದ್ದೆ.

ಮುಂದಿನದೆಲ್ಲ ಕೇಳಿದ್ದು. ಅಡುಗೆಮನೆಯ ಕಿಟಕಿಗೆ ಜಾಳಿಗೆಯಿದೆ. ಹೆಂಗಸರೆಲ್ಲ ದೀಪ ಆರಿಸಿ, ಉಸಿರು ಹಿಡಿದು, ಅದರ ಹಿಂದೆ ಕೂತಿದ್ದರಂತೆ. ಗುಂಡಿ ಸೋರೆಬುರುಡೆಯ ಆಕಾರದಲ್ಲಿತ್ತೆಂದು ಒಬ್ಬಳು ಹೇಳಿದಳು. ಒಂದೊಂದೇ ಮೊಟ್ಟೆಯನ್ನು ಹಿಂಗಾಲಿನಿಂದ ಸರಿಸಿ ಕೂರಿಸಿದಳೆಂದು ಇನ್ನೊಬ್ಬಳು. ಆರು ಎಂದು ಒಬ್ಬಳು, ಒಂಬತ್ತು ಎಂದು ಒಬ್ಬಳು. ಮುಚ್ಚಿದ ಮೇಲೆ ಹೊಟ್ಟೆಯಿಂದ ಮಣ್ಣನ್ನು ರೊಟ್ಟಿ ತಟ್ಟಿದ ಹಾಗೆ ತಟ್ಟಿದಳೆಂದು ಸುಮಿತ್ರಾ, ಅಲ್ಲ, ಅದು ನೆಲ ಸಾರಿಸಿದ ಹಾಗಿತ್ತು ಎಂದು ಶಾಂತಾ. ಸಾಕ್ಷಿಗಳು ಹೀಗೆ ಒಬ್ಬೊಬ್ಬರು ಒಂದೊಂದು ಹೇಳಿದರೆ ಅವರು ನಿಜವಾಗಿ ಕಂಡಿದ್ದಾರೆಂದೇ ಅರ್ಥ ಎಂಬುದು ನನ್ನ ಸರ್ವೀಸಿನ ಅನುಭವ. ಹೇಳಿಕೊಟ್ಟ ಸಾಕ್ಷಿಗಳ ಲೆಕ್ಕ ಮಾತ್ರ ಒಂದೇ ಇರುತ್ತದೆ. ಯಾರೂ ನೋಡಬಾರದು ಎಂದಿದ್ದರಲ್ಲ ಎಂದು ಕೇಳಿದೆ. ನಾವು ನೋಡಿದ್ದು ಅವಳಿಗೆ ಗೊತ್ತಾಗಲಿಲ್ಲ, ನಿಮ್ಮದು ಗೊತ್ತಾಗುತ್ತದೆ ಎಂದಳು ಶಾಂತಾ. ನಾನು ಕಣ್ಣಾರೆ ಕಂಡದ್ದು ಒಂದೇ: ಮಧ್ಯಾಹ್ನ ದೊಡ್ಡಾಕಿ ಟಬ್ಬಿನ ನೀರಿನಲ್ಲಿ ಕತ್ತು ಚಾಚಿ, ಮೆಂತ್ಯದ ಸೊಪ್ಪಿನ ಒಂದು ಎಸಳನ್ನು ಹರಿದು ತಿಂದಳು. ಆಮೇಲೆ ಇಡೀ ಕಟ್ಟು ತಿಂದಳು. ನಾನು ಹಿತ್ತಲಿನ ಕಲ್ಲಿನ ಮೇಲೆ ಕೂತು, ಕೈಯಲ್ಲಿದ್ದ ಚಹವನ್ನು ಬಸಿಗೆ ಬಗ್ಗಿಸಿಕೊಂಡು ಕುಡಿದೆ.

ಮರುದಿನ ಹೊರಡೋಣ ಎಂದಾಗ ಸುಮಿತ್ರಾ ನನ್ನನ್ನು ತಿಳಿಗೇಡಿಯಂತೆ ನೋಡಿದಳು. ಬಾಣಂತಿಯನ್ನು ಅಷ್ಟು ಬೇಗ ಯಾರಾದರೂ ಕಳಿಸುತ್ತಾರೆಯೇ? ಶಾಂತಾಳೂ, ಅಕ್ಕ ಎಂದ ಮೇಲೆ ಬಾಣಂತನಕ್ಕೆ ನಿಲ್ಲಲೇಬೇಕು ಎಂದು ನಿಂತಳು. ಮೊಟ್ಟೆಯ ಮೇಲೆ ಬುಟ್ಟಿ ಮುಚ್ಚಿ, ಬುಟ್ಟಿಯ ಮೇಲೆ ಕಲ್ಲು ಹೇರಿದ್ದಾರೆ. ಅವು ಒಡೆದು ಮರಿ ಬರಬಹುದು, ಬರದೆಯೂ ಇರಬಹುದು ಎಂದು ಡಾಕ್ಟರಮ್ಮ ಹೇಳಿದ್ದಾರೆ. ನಾನೊಬ್ಬನೇ ಬೀದರಿಗೆ ಬಂದೆ. ಹಿಟ್ಟಿನ ಗಿರಣಿಗೆ ಹೋಗು ಎನ್ನುವವರು ಯಾರೂ ಇಲ್ಲ, ಇಡೀ ದಿನ ಅಂಗಳದಲ್ಲಿ ಕೂತರೂ ಕೇಳುವವರಿಲ್ಲ. ಭಾಲ್ಕಿಯ ಅಳಿಯ ಬಂಡೆಯ ಮೇಲೆ ಬಂದು, ಉದ್ದ ಉಗುರಿನ ಕೈಗಳನ್ನು ಚಾಚಿ, ಯಾರ ಮುಂದೆ ನಡುಗಿಸುವುದೆಂದು ತಿಳಿಯದೆ ಮತ್ತೆ ನೀರಿಗೆ ಇಳಿಯುತ್ತಾನೆ. ನಾನು ಅನ್ನ ಬೇಯಿಸಿ, ಅದನ್ನೇ ಎರಡು ಹೊತ್ತು ಉಣ್ಣುತ್ತೇನೆ. ಅವಳನ್ನು ಕಳಿಸಬೇಕಾದರೆ ಅಂಗಳದಲ್ಲಿ ಮಣ್ಣಾಗಬೇಕು ಎಂಬುದು ಔರಾದಿನ ಮೊದಲ ಷರತ್ತು. ಅದಕ್ಕೆ ಗೋಡೆಯ ಬದಿಯ ನಾಲ್ಕು ಫರ್ಸಿ ಎಬ್ಬಿಸಿ, ಕೆಂಪು ಕಲ್ಲು ಕಡಿದು, ಮೆತ್ತನೆಯ ಮಣ್ಣು ತುಂಬಿದ್ದೇನೆ. ಎರಡನೆಯ ಷರತ್ತು ಶಾಂತಾಳದು: ನನ್ನ ಕುರ್ಚಿ ಆ ಮಣ್ಣಿಗೆ ಬೆನ್ನು ಮಾಡಿರಬೇಕು. ದಿನಾ ಸಂಜೆ ಫೋನಿನಲ್ಲಿ ವಿಚಾರಿಸುತ್ತಾಳೆ, ಹಾಗೆಯೇ ಕೂರುತ್ತೇನೆ ಎಂದು ಹೇಳುತ್ತೇನೆ, ಅದು ನಿಜ. ಕಂಪೌಂಡ್ ಗೋಡೆಯನ್ನೂ ಕಾಶಿನಾಥರಾಯರ ಬೇವನ್ನೂ ನೋಡುತ್ತಾ ಅಭ್ಯಾಸ ಮಾಡುತ್ತಿದ್ದೇನೆ. ಇವತ್ತು ಬಹಳ ಹೊತ್ತು ತಡೆದುಕೊಂಡೆ. ಆಮೇಲೆ ಮೆಲ್ಲಗೆ ಕತ್ತು ಹೊರಳಿಸಿ ನೋಡಿದೆ. ಮಣ್ಣಿನ ಮೇಲೆ ಯಾರೂ ಇರಲಿಲ್ಲ. ಇರುವುದು ಸಾಧ್ಯವೂ ಇರಲಿಲ್ಲ. ಆದರೂ ಸರಿಯಾಗಿ ಕಂಡೆನೋ ಇಲ್ಲವೋ ಎಂದು ಇನ್ನೊಮ್ಮೆ ನೋಡಿದೆ.